ವಿನೂಸ್ಕಿ ಅಂದರೆ ಈರುಳ್ಳಿ! ಅಬೆನಾಕಿ ಭಾಷೆ ಬಗ್ಗೆ ತಿಳಿದವರು ಇದ್ದೀರಾ?

ವಿನೂಸ್ಕಿ ವಾಸಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ. ಏಳು ವರ್ಷದಿಂದ ದಿನಾ ವಿನೂಸ್ಕಿ ಅನ್ನುವ ಹೊಳೆ ದಾಟಿ ಕೆಲಸಕ್ಕೆ ಹೋಗುತ್ತೇನೆ. ಕೊನೆಯಲ್ಲಿ 'ಸ್ಕಿ' ಇದೆಯಲ್ಲ, ಯಾವನೋ ಪೋಲೆಂಡಿನ ಸಾಹುಕಾರನ ಹೆಸರಿರಬೇಕು ಅಂತ ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆ. ಮೊನ್ನೆ ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಲೈಬ್ರರಿಯಲ್ಲಿ ಹುಡುಕುವಾಗ ಗೊತ್ತಾಯಿತು, ಅದು ಇಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನರ ಭಾಷೆಯ ಪದ. 'ವಿನೊಸ್' ಅಂದರೆ ಈರುಳ್ಳಿ, 'ಅಕಿ' ಅಂದರೆ ನೆಲ. ಕಾಡು ಈರುಳ್ಳಿ ಬೆಳೆಯುವ ಜಾಗ. ಏಳು ವರ್ಷ ಈರುಳ್ಳಿ ಹೊಳೆ ದಾಟಿದ್ದೇನೆ, ಒಂದು ದಿನವೂ ಯಾರನ್ನೂ ಕೇಳಲಿಲ್ಲ.

ಪುಸ್ತಕದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಪದಗಳ ನಡುವೆ 8 ಅಂಕಿ! ಆ ಭಾಷೆಯ ಹೆಸರನ್ನು ಅವರ ಲಿಪಿಯಲ್ಲಿ ಬರೆದರೆ ಮೂರು ಕಡೆ 8 ಬರುತ್ತೆ. ಅಚ್ಚಿನ ತಪ್ಪು ಅಂದುಕೊಂಡೆ. ಮಗಳು "ಅಪ್ಪಾ, ಇದು ಪಾಸ್‌ವರ್ಡ್ ಥರ ಇದೆ" ಅಂದಳು.

ಈ ಭಾಷೆಯನ್ನು ಈಗ ಯಾರು ಮಾತಾಡುತ್ತಾರೆ? ಆ 8 ಏನು? ಗೊತ್ತಿದ್ದವರು ಹೇಳಿ.

ಮಾಂಟ್ರಿಯಲ್ ಮಾಲತಿ

ನಾನು ಕೆನಡಾದ ಕ್ವಿಬೆಕ್‌ನಲ್ಲಿರುವ ಅಬೆನಾಕಿ ಊರು ಒಡಾನಾಕ್‌ಗೆ ಎರಡು ಸಲ ಹೋಗಿ ಬಂದಿದ್ದೇನೆ. ತಿಳಿದಷ್ಟು ಹೇಳುತ್ತೇನೆ.

ಅಬೆನಾಕಿ ಅಂತ ಕರೆಯುವುದು ಎರಡು ಭಾಷೆಗಳನ್ನ. ಪೂರ್ವದ್ದು ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಜನರದ್ದು. ಅದನ್ನು ತಾಯ್ನುಡಿಯಾಗಿ ಮಾತಾಡುತ್ತಿದ್ದ ಕೊನೆಯವರು ಅಂತ ಹೇಳುವ ಮೆಡಲೀನ್ ಶೇ 1993ರಲ್ಲಿ ತೀರಿಕೊಂಡರು. ಪಶ್ಚಿಮದ್ದು ನಿಮ್ಮ ಈರುಳ್ಳಿ ಹೊಳೆಯದ್ದು. ಅದರ ಮನೆ ಈಗ ಕ್ವಿಬೆಕ್‌ನ ಎರಡು ಊರು, ಒಡಾನಾಕ್ ಮತ್ತು ವೊಲಿನಾಕ್. ಯುನೆಸ್ಕೋ ಇದನ್ನು ತೀರಾ ಅಪಾಯದ ಅಂಚಿನಲ್ಲಿರುವ ಭಾಷೆಗಳ ಸಾಲಿಗೆ ಹಾಕಿದೆ. ಹುಟ್ಟಿನಿಂದ ಈ ಮಾತಾಡಿ ಬೆಳೆದವರನ್ನು ಹುಡುಕಿಕೊಂಡು ಹೋಗಬೇಕು. ಈಗ ಮಾತಾಡುವವರಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಕಲಿತವರು.

ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ಎಲ್ಲ ಅವರ ನೆಲವೇ. ಇಂಗ್ಲಿಷರ ಜೊತೆ ಒಂದಾದ ಮೇಲೊಂದು ಯುದ್ಧ ನಡೆದು, ತುಂಬಾ ಜನ ಉತ್ತರಕ್ಕೆ ಸರಿದು ಫ್ರೆಂಚ್ ಪಾದ್ರಿಗಳ ಊರುಗಳಲ್ಲಿ ನಿಂತರು. ಹಾಗೆ ಬೆಳೆದದ್ದು ಒಡಾನಾಕ್. 'ಒಡನಾ' ಅಂದರೆ ಹಳ್ಳಿ, ಕೊನೆಯ 'ಕ್' ನಮ್ಮ 'ಅಲ್ಲಿ' ಇದ್ದ ಹಾಗೆ. ಅಂದರೆ ಊರಿನ ಹೆಸರೇ 'ಊರಲ್ಲಿ'. ಎಲ್ಲಿಗೆ ಹೋಗಿದ್ದೆ ಅಂದರೆ ಊರಲ್ಲಿಗೆ ಹೋಗಿದ್ದೆ!

ಇನ್ನು 8. ಹಳೇ ಜೆಸೂಯಿಟ್ ಪಾದ್ರಿಗಳು ಫ್ರೆಂಚಿನ 'ಉ' ಸದ್ದಿಗೆ ಬೇಕಾದ ಎರಡು ಅಕ್ಷರಗಳನ್ನು ಒಂದರ ತಲೆ ಮೇಲೆ ಒಂದು ಕೂರಿಸಿ ಬರೆಯುತ್ತಿದ್ದರು. ನೋಡಲು 8ರ ಹಾಗೇ ಇರುತ್ತಿತ್ತು. ಆಮೇಲೆ ಸದ್ದು ಬದಲಾಯಿತು, ಅಂಕಿ ಉಳಿಯಿತು. ಈಗ ಅಬೆನಾಕಿಯಲ್ಲಿ 8 ಅಂದರೆ ಮೂಗಿನಿಂದ ಬರುವ 'ಒ'. ಕೆಲವರು 8ರ ಬದಲು ಇಂಗ್ಲಿಷ್ o ಮೇಲೆ ಟೋಪಿ (ô) ಹಾಕುತ್ತಾರೆ. ಮನುಷ್ಯನಿಗೆ ಅವರು ಹೇಳುವ ಪದವನ್ನು ಕನ್ನಡದಲ್ಲಿ 'ಅಲ್ನೊಂಬಾ' ಅಂತ ಬರೆಯಬಹುದೇನೋ. ಆದರೆ ನಡುವೆ 'ಮ್' ಅನ್ನಬಾರದು, ತುಟಿ ಮುಚ್ಚದೆ ಮೂಗಿನಲ್ಲೇ ದಾಟಿಸಬೇಕು.

ಕಾರ್ಕಳದ ಕೊಂಕಣಿ

ಮೂಗಿನ ಸ್ವರಾನಾ? ಬನ್ನಿ ನಮ್ಮ ಮನೆಗೆ. ನಮ್ಮಲ್ಲಿ 'ನಾನು' ಅನ್ನೋಕೇ ಮೂಗು ಬೇಕು, 'ಹಾಂವ್'. ಕನ್ನಡ ಲಿಪಿಯಲ್ಲಿ ಸೊನ್ನೆ ಹಾಕಿ ಬರೆಯುತ್ತೇವೆ. ಕನ್ನಡದ ಗೆಳೆಯರು ಓದಿದರೆ 'ಹಾಮ್' ಅಂತ ತುಟಿ ಮುಚ್ಚುತ್ತಾರೆ, ನಾವು ನಗುತ್ತೇವೆ. ಅವರದ್ದು 8, ನಮ್ಮದು 0. ಅಂಕಿಗಳೆಲ್ಲ ಮೂಗಿಗೇ ಬಂದು ಸೇರಿದ ಹಾಗಿದೆ.

ಪುತ್ತೂರಿನವ

ಮಾಲತಿ ಅಕ್ಕಾ, ವ್ಯಾಕರಣದ್ದು ಒಂದೆರಡು ಹೇಳಿ. ನನಗೆ ಅದರದ್ದೇ ಹುಚ್ಚು.

ಮಾಂಟ್ರಿಯಲ್ ಮಾಲತಿ

ನಾನು ಕಲಿತದ್ದು ಚೂರೇ ಚೂರು. ಮೊದಲ ಕ್ಲಾಸಿನಲ್ಲೇ ತಲೆಗೆ ಕೂತದ್ದು ಅಂದರೆ 'ನಾವು'. ಅವರಿಗೆ ಎರಡು 'ನಾವು'. 'ನಿಯುನಾ' ಅಂದರೆ ನಾವು, ನೀವು ಬಿಟ್ಟು. 'ಕಿಯುನಾ' ಅಂದರೆ ನಾವು, ನೀವೂ ಸೇರಿ. ನಾನು ಅಂದರೆ 'ನಿಯಾ', ನೀನು ಅಂದರೆ 'ಕಿಯಾ'. ಮೊದಲ ಅಕ್ಷರ ನೋಡಿದರೇ ಯಾರ ಕಡೆಗೆ ವಾಲಿದೆ ಅಂತ ತಿಳಿಯುತ್ತದೆ.

ಒಡಾನಾಕ್‌ನಲ್ಲಿ 2011ರಲ್ಲಿ ಒಂದು ಕಾಲೇಜು ಶುರುವಾಯಿತು, ಮೂಲನಿವಾಸಿ ಮಕ್ಕಳಿಗಾಗಿ. ಅದರ ಹೆಸರೇ ಕಿಯುನಾ. ನೀವೂ ಸೇರಿದ ನಾವು.

ಇನ್ನೊಂದು, ಹೆಸರುಪದಗಳಲ್ಲಿ ಜೀವ ಇರೋದು, ಇಲ್ಲದ್ದು ಅಂತ ಎರಡು ಪಂಗಡ. ಬಹುವಚನ ಮಾಡುವಾಗ ಗೊತ್ತಾಗುತ್ತೆ. ಮರ 'ಅಬಾಜಿ', ಮರಗಳು 'ಅಬಾಜಿಯಾಕ್'. ಪುಸ್ತಕ 'ಅವಿಘಿಗನ್', ಪುಸ್ತಕಗಳು 'ಅವಿಘಿಗನಲ್'. ಮರ ಜೀವದ ಕಡೆ, ಪುಸ್ತಕ ಇನ್ನೊಂದು ಕಡೆ.

ಪುತ್ತೂರಿನವ

ಎಂಥ ಮಾರಾಯ್ರೇ, ಇದು ನಮ್ಮ ತುಳು! ನಮ್ಮಲ್ಲೂ ಎರಡು 'ನಾವು'. 'ನಮ' ಅಂದರೆ ನೀವೂ ಸೇರಿ, 'ಎಂಕ್ಲು' ಅಂದರೆ ನಾವು ಮಾತ್ರ. "ಬಲೆ, ನಮ ಪೋಯಿ" ಅಂದರೆ ಬನ್ನಿ ಹೋಗುವ, ನೀವೂ ಇದ್ದೀರಿ. "ಎಂಕ್ಲು ಪೋಪ" ಅಂದರೆ ನಾವು ಹೊರಟೆವು, ನೀವು ಕೂತಿರಿ. ತಮಿಳಲ್ಲಿ ನಾಮ್ ಮತ್ತು ನಾಂಗಳ್, ತೆಲುಗಲ್ಲಿ ಮನಂ ಮತ್ತು ಮೇಮು. ಸುತ್ತಮುತ್ತ ಎಲ್ಲರ ಹತ್ತಿರ ಇದೆ. ಕನ್ನಡಕ್ಕೆ ಮಾತ್ರ ಒಂದೇ 'ನಾವು' ಉಳಿಯಿತು.

ಅದರ ಕಷ್ಟ ಗೊತ್ತುಂಟಾ? ನಾನು ಬೆಂಗಳೂರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವಾರ. ಪಕ್ಕದ ಟೇಬಲಿನವರು ಎದ್ದು "ನಾವು ಊಟಕ್ಕೆ ಹೋಗ್ತಿದ್ದೀವಿ" ಅಂದರು. ಕರೆದದ್ದೋ, ತಿಳಿಸಿದ್ದೋ? ನಾನು ಅರ್ಧ ಎದ್ದೆ, ಅವರು ನಡೆದೇಬಿಟ್ಟರು, ನಾನು ಹಾಗೇ ಬಗ್ಗಿ ಶೂ ಲೇಸು ಕಟ್ಟಿದ ಹಾಗೆ ಮಾಡಿದೆ. ತುಳುವಲ್ಲಿ ಈ ಅವಮಾನವೇ ಇಲ್ಲ.

ವಿನೂಸ್ಕಿ ವಾಸಿ

ಅಯ್ಯೋ, ಶೂ ಲೇಸು! ನಕ್ಕು ನಕ್ಕು ಸಾಕಾಯಿತು.

ಲೆಕ್ಕದ ಮನುಷ್ಯ

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ಕೇಳಲಾ? ಬೇಜಾರು ಮಾಡಿಕೊಳ್ಳಬೇಡಿ. ಬೆರಳೆಣಿಕೆ ಜನ ಮಾತಾಡುವ ಭಾಷೆಗೆ ಕಾಲೇಜು, ನಿಘಂಟು, ಮ್ಯೂಸಿಯಮ್ಮು. ಅಲ್ಲಿನ ಮಕ್ಕಳಿಗೆ ಫ್ರೆಂಚ್ ಬರುತ್ತೆ, ಇಂಗ್ಲಿಷ್ ಬರುತ್ತೆ. ಆ ದುಡ್ಡಲ್ಲಿ ಆ ಊರಿಗೆ ಇನ್ನೇನಾದರೂ ಮಾಡಬಹುದಿತ್ತಲ್ವಾ? ಭಾಷೆ ಹೋದರೆ ಹೋಯಿತು, ಜನ ಇದ್ದಾರಲ್ಲ. ಇತಿಹಾಸ ಪುಸ್ತಕದಲ್ಲಿ ಇದ್ದೇ ಇರುತ್ತೆ.

ಮಾಂಟ್ರಿಯಲ್ ಮಾಲತಿ

ಬೇಜಾರೇನಿಲ್ಲ ಸರ್. ಆದರೆ 'ಇತಿಹಾಸ ಪುಸ್ತಕದಲ್ಲಿ ಇರುತ್ತೆ' ಅಂದಿರಲ್ಲ, ಅದಕ್ಕೆ ಒಂದು ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ.

1759ರ ಅಕ್ಟೋಬರ್ 4. ರಾಬರ್ಟ್ ರೋಜರ್ಸ್ ಅನ್ನುವ ಬ್ರಿಟಿಷ್ ಕಡೆಯ ಸೇನಾಧಿಕಾರಿ ಬೆಳಗಿನ ಜಾವ ಒಡಾನಾಕ್ ಮೇಲೆ ಬಿದ್ದು ಊರನ್ನು ಸುಟ್ಟ. ಇನ್ನೂರು ಜನರನ್ನು ಕೊಂದೆವು ಅಂತ ವರದಿ ಕೊಟ್ಟ. ಇಂಗ್ಲಿಷ್ ಪುಸ್ತಕಗಳಲ್ಲಿ ಬಹಳ ಕಾಲ ಅದೇ ಲೆಕ್ಕ. ಫ್ರೆಂಚರ ದಾಖಲೆಯಲ್ಲಿ ಸತ್ತವರು ಸುಮಾರು ಮೂವತ್ತು, ಅದರಲ್ಲಿ ಇಪ್ಪತ್ತು ಹೆಂಗಸರು ಮಕ್ಕಳು. ಹಾಗಾದರೆ ಉಳಿದವರು ಎಲ್ಲಿ ಹೋದರು?

ಗಾರ್ಡನ್ ಡೇ ಅಂತ ಒಬ್ಬರಿದ್ದರು. ಓದಿದ್ದು ಅರಣ್ಯಶಾಸ್ತ್ರ. ಕಾಡಿನ ಹಳೇ ಕಥೆ ಕೆದಕುತ್ತಾ ಅಬೆನಾಕಿಗೆ ಬಂದು ಬಿದ್ದವರು, ಮತ್ತೆ ಹೊರಗೆ ಹೋಗಲೇ ಇಲ್ಲ. 1950ರ ದಶಕದಿಂದ ಒಡಾನಾಕ್‌ನ ಹಿರಿಯರ ಮಾತನ್ನು ಟೇಪಿನಲ್ಲಿ ಹಿಡಿದರು. ಆಗ ಒಬ್ಬ ಅಜ್ಜಿ ತಮ್ಮ ಮನೆತನದಲ್ಲಿ ಉಳಿದಿದ್ದ ಕಥೆ ಹೇಳಿದರು. ಆ ಹಿಂದಿನ ರಾತ್ರಿ ಊರಲ್ಲಿ ಕುಣಿತ ನಡೆದಿತ್ತಂತೆ. ಒಬ್ಬ ಹುಡುಗಿ ಗಾಳಿಗೆ ಅಂತ ಹೊರಗೆ ಬಂದಳು. ಕತ್ತಲಲ್ಲಿ ಯಾರೋ ಅಪರಿಚಿತ ನಿಂತಿದ್ದ. ಊರಿನವನಲ್ಲ, ಆದರೆ ಅವನ ಮಾತು ಅವಳಿಗೆ ತಿಳಿಯಿತು. ಹೆದರಬೇಡ, ಬೆಳಗಾಗುವಷ್ಟರಲ್ಲಿ ಶತ್ರುಗಳು ಬರುತ್ತಾರೆ, ಎಲ್ಲರಿಗೂ ಹೇಳು ಅಂದ. ಕೆಲವರು ನಂಬಲಿಲ್ಲ. ನಂಬಿದವರು ಮಕ್ಕಳನ್ನು ಎತ್ತಿಕೊಂಡು ಹೊರಟು ಕಂದರದಲ್ಲಿ ಅಡಗಿದರು.

ಕಥೆ ಹೇಳಿದ ಅಜ್ಜಿಗೆ ಇದನ್ನು ಹೇಳಿದ್ದು ಅವರ ಸೋದರತ್ತೆಯೋ ಚಿಕ್ಕಮ್ಮನೋ, ಅವರಿಗೆ ಹೇಳಿದ್ದು ಅವರ ಅಜ್ಜಿ. ಆ ಅಜ್ಜಿ 1759ರಲ್ಲಿ ಪುಟ್ಟ ಹುಡುಗಿ. ಇನ್ನೂರು ವರ್ಷ, ಮೂರೇ ಬಾಯಿ. ಡೇ ಇದನ್ನು 1962ರಲ್ಲಿ ಅಚ್ಚು ಹಾಕಿಸಿದ ಮೇಲೆ ಫ್ರೆಂಚರ ಲೆಕ್ಕ ಯಾಕೆ ಅಷ್ಟು ಚಿಕ್ಕದು ಅನ್ನುವುದಕ್ಕೆ ಒಂದು ಉತ್ತರ ಸಿಕ್ಕಿತು. ಗೆದ್ದವನ ಪುಸ್ತಕದಲ್ಲಿ ಅವರೆಲ್ಲ ಸತ್ತಿದ್ದರು. ಅಜ್ಜಿಯರ ಬಾಯಲ್ಲಿ ಬದುಕಿದ್ದರು.

ಆ ಮಾತು ಮಧ್ಯದಲ್ಲೆಲ್ಲೋ ನಿಂತುಹೋಗಿದ್ದರೆ ಡೇ ಟೇಪಿನಲ್ಲಿ ಏನು ಹಿಡಿಯುತ್ತಿದ್ದರು ಹೇಳಿ?

ಲೆಕ್ಕದ ಮನುಷ್ಯ

ಕಥೆ ಚೆನ್ನಾಗಿದೆ ಮೇಡಂ. ಆದರೆ ಕಥೆಯನ್ನು ಫ್ರೆಂಚಲ್ಲೂ ಹೇಳಬಹುದಿತ್ತು. ನನ್ನ ಪ್ರಶ್ನೆ ಇನ್ನೂ ನಿಂತಿದೆ. ಅವರೇ ಯಾಕೆ ಬಿಟ್ಟರು?

ಮಾನಸಗಂಗೋತ್ರಿ 98

ನಾನು ಮೈಸೂರಲ್ಲಿ ಭಾಷಾವಿಜ್ಞಾನ ಓದಿದವನು, ಈಗ ಬೇರೆ ಕೆಲಸ. 'ಬಿಟ್ಟರು' ಅನ್ನುವುದು ಅಷ್ಟು ಸರಳ ಅಲ್ಲ ಸರ್.

ಒಡಾನಾಕ್ ಜನರ ಒಂದು ವರ್ಷ ಹೇಗಿತ್ತು ನೋಡಿ. ಚಳಿಗಾಲದಲ್ಲಿ ಊರಲ್ಲಿ ಬುಟ್ಟಿ ಹೆಣೆಯುವುದು. ಕಪ್ಪು ಆ್ಯಶ್ ಮರದ ದಿಮ್ಮಿಯನ್ನು ಕೊಡತಿಯಿಂದ ಹೊಡೆದು ಹೊಡೆದು, ವರ್ಷಕ್ಕೊಂದರಂತೆ ಬೆಳೆದ ಪದರಗಳನ್ನು ಬಿಡಿಸುವುದು. ಅದನ್ನು ಸೀಳಿ ಪಟ್ಟಿ ಮಾಡಿ, ಪರಿಮಳದ ಹುಲ್ಲಿನ ಜಡೆ ಸೇರಿಸಿ ಹೆಣೆಯುವುದು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ರೈಲು ಹತ್ತಿ ಅಮೆರಿಕದ ಪ್ರವಾಸಿ ಊರುಗಳಿಗೆ ಹೋಗಿ ಮಾರುವುದು. ಮನೆಯಲ್ಲಿ ಅಬೆನಾಕಿ, ಚರ್ಚು ಶಾಲೆಯಲ್ಲಿ ಫ್ರೆಂಚ್, ವ್ಯಾಪಾರಕ್ಕೆ ಇಂಗ್ಲಿಷ್. ಮೂರರಲ್ಲಿ ಸಂಬಳ ತರದ್ದು ಯಾವುದು? ಮಕ್ಕಳಿಗೆ ಕಷ್ಟ ಬೇಡ ಅಂತ ಅಪ್ಪ ಅಮ್ಮ ಮನೆಯಲ್ಲೂ ಫ್ರೆಂಚಿಗೆ ತಿರುಗಿದರು. ಯಾರೂ ಒಂದು ದಿನ ಕೂತು ತೀರ್ಮಾನ ಮಾಡಲಿಲ್ಲ.

ಇದು ಬರುತ್ತೆ ಅಂತ ಕೆಲವರಿಗೆ ಮೊದಲೇ ಗೊತ್ತಿತ್ತು. ಜೋಸೆಫ್ ಲೊರಾಂ ಅಂತ ಒಡಾನಾಕ್‌ನ ಮುಖ್ಯಸ್ಥ. ಅಬೆನಾಕಿಯಲ್ಲಿ 'ರ' ಇಲ್ಲ, ಹಾಗಾಗಿ ಊರಲ್ಲಿ ಅವರು ಸೋಜಾಪ್ ಲೊಲೊಂ. 1884ರಲ್ಲಿ ಅಬೆನಾಕಿ ಮತ್ತು ಇಂಗ್ಲಿಷ್ ಎದುರುಬದುರು ಇಟ್ಟು ಒಂದು ಸಂಭಾಷಣೆ ಪುಸ್ತಕ ಅಚ್ಚು ಹಾಕಿಸಿದರು. ಪದಪಟ್ಟಿ, ಮಾತುಕತೆ, ಕ್ರಿಯಾಪದ, ಊರ ಹೆಸರುಗಳ ಅರ್ಥ, ಎಲ್ಲ ಇದೆ. ಅದೇ ಮನುಷ್ಯ ನ್ಯೂ ಹ್ಯಾಂಪ್‌ಶೈರ್‌ನ ಇಂಟರ್ವೇಲ್‌ನಲ್ಲಿ ಪ್ರತಿ ಬೇಸಿಗೆ ಬಿಡಾರ ಹೂಡಿ ಬುಟ್ಟಿ ಮಾರುತ್ತಿದ್ದರು. ಅವರ ಮಗ ಸ್ಟೀಫನ್ ಅದೇ ಊರಲ್ಲಿ ಪೋಸ್ಟ್‌ಮಾಸ್ಟರ್ ಆದರು. ಜೊತೆಗೆ ಒಬ್ಬ ಪಾದ್ರಿ 1715ರಲ್ಲಿ ಬರೆದಿದ್ದ ಫ್ರೆಂಚ್–ಅಬೆನಾಕಿ ನಿಘಂಟನ್ನು ಇಂಗ್ಲಿಷಿಗೆ ತಂದರು. ಅದು ಪುಸ್ತಕವಾಗಿ ಬಂದದ್ದು 1995ರಲ್ಲಿ.

ಬುಟ್ಟಿಯ ಮಾತು ಬಂತಲ್ಲ, ಈಗ ಆ್ಯಶ್ ಮರಕ್ಕೇ ಹುಳ ಬಿದ್ದಿದೆ. ಏಷ್ಯಾ ಕಡೆಯಿಂದ ಬಂದ ಹಸಿರು ಕೊರಕ. ಮರ ಹೋದರೆ ಆ ಕೆಲಸದ ಪದಗಳೂ ಹೋಗುತ್ತವೆ.

ಕಾರ್ಕಳದ ಕೊಂಕಣಿ

ಆ 1884ರ ಪುಸ್ತಕ ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ, ಈಗಷ್ಟೇ ತೆಗೆದು ನೋಡಿದೆ. ರಾತ್ರಿ ಹನ್ನೊಂದೂವರೆ. ಹೆಂಡತಿ ಬೈಯುತ್ತಿದ್ದಾಳೆ.

ಪ್ರಾಣಿಗಳ ಪಟ್ಟಿ ನೋಡಿ ಖುಷಿಯಾಯಿತು. ಬಿಳಿಯರು ತಂದ ಪ್ರಾಣಿಗಳಿಗೆ ಅವರ ಪದವನ್ನೇ ಇಟ್ಟುಕೊಂಡಿದ್ದಾರೆ, ಆದರೆ ತಮ್ಮ ಬಾಯಿಗೆ ತಕ್ಕ ಹಾಗೆ. ಹಸು 'ಕಾವೊಜ್', ಹಂದಿ 'ಪಿಗ್ಸ್'. ಇಂಗ್ಲಿಷಿನ ಬಹುವಚನವನ್ನೇ ಒಂದಕ್ಕೆ ಅಂತ ತಗೊಂಡು, ಅದರ ಮೇಲೆ ಮತ್ತೆ ತಮ್ಮ ಬಹುವಚನ ಹಾಕಿ 'ಪಿಗ್ಸಾಕ್' ಮಾಡಿದ್ದಾರೆ. ನಗಬೇಡಿ, ನಾವು 'ಶೂಸ್‌ಗಳು', 'ಚಿಪ್ಸ್‌ಗಳು' ಅನ್ನಲ್ವಾ?

ಅಮೆರಿಕದವರಿಗೆ ಅವರ ಪದ 'ಪಾಸ್ತೊನಿ'. ಬಾಸ್ಟನ್‌ನವನು! ಬಾಸ್ಟನ್‌ನಿಂದ ಬಂದವರ ಕಾಟ ಅಷ್ಟಿತ್ತು ಅಂತ ಕಾಣುತ್ತೆ, ಇಡೀ ದೇಶಕ್ಕೇ ಆ ಹೆಸರು ಅಂಟಿತು.

ವಿನೂಸ್ಕಿ ವಾಸಿ

ಅಂದರೆ ನನ್ನ ಮಗಳು ಪಾಸ್ತೊನಿ. ಪಾಸ್‌ಪೋರ್ಟ್ ಇದೆ.

ಮಾಲತಿಯವರೇ, ಒಂದು ಸೂಕ್ಷ್ಮದ ಪ್ರಶ್ನೆ. ಇಲ್ಲಿ ವರ್ಮಾಂಟ್‌ನಲ್ಲೂ ಅಬೆನಾಕಿ ಅಂತ ಹೇಳಿಕೊಳ್ಳುವ ನಾಲ್ಕು ಪಂಗಡಗಳಿವೆ. ರಾಜ್ಯ ಸರ್ಕಾರ 2011 ಮತ್ತು 2012ರಲ್ಲಿ ಮಾನ್ಯತೆ ಕೊಟ್ಟಿದೆ. ಮಗಳ ಪ್ರಾಜೆಕ್ಟಿನಲ್ಲಿ ಅವರ ಬಗ್ಗೆಯೇ ಬರೆದೆವು. ಆದರೆ ಒಡಾನಾಕ್‌ನವರು ಅವರನ್ನು ಒಪ್ಪುವುದಿಲ್ಲ ಅಂತ ಇಲ್ಲೊಬ್ಬರು ಹೇಳಿದರು. ನಿಜಾನಾ?

ಮಾಂಟ್ರಿಯಲ್ ಮಾಲತಿ

ನಿಜ. ಈ ವಿಷಯ ಎತ್ತಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ.

ವರ್ಮಾಂಟ್‌ನವರು ಹೇಳುವುದು: ನಮ್ಮ ಹಿರಿಯರು ಊರು ಬಿಡಲಿಲ್ಲ, ಹೆದರಿ ಗುರುತು ಮುಚ್ಚಿಕೊಂಡು ಬದುಕಿದರು. ಹೆದರಿಕೆಗೆ ಕಾರಣ ಇತ್ತು. 1925ರಿಂದ 1936ರವರೆಗೆ ಅಲ್ಲಿನ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು 'ಒಳ್ಳೇ ತಳಿ' ಹೆಸರಲ್ಲಿ ಬಡ ಕುಟುಂಬಗಳ ಸರ್ವೆ ಮಾಡಿಸಿದರು. 1931ರಲ್ಲಿ ಸಂತಾನಹರಣದ ಕಾನೂನೇ ಬಂತು. ರಾಜ್ಯದ ಶಾಸನಸಭೆ 2021ರಲ್ಲಿ ಅದಕ್ಕೆ ಕ್ಷಮೆ ಕೇಳಿತು.

ಒಡಾನಾಕ್, ವೊಲಿನಾಕ್ ಹೇಳುವುದು: ನಾವು ಕಳೆದುಹೋಗಿರಲಿಲ್ಲ, ಇಲ್ಲೇ ಇದ್ದೇವೆ. ನಮ್ಮ ಮನೆತನಗಳ ದಾಖಲೆ ಇದೆ. ನೀವು ಯಾರ ಮಕ್ಕಳು ಹೇಳಿ? ಆ ಪಂಗಡಗಳಲ್ಲಿ ಒಂದು ಅಮೆರಿಕದ ಕೇಂದ್ರ ಸರ್ಕಾರದ ಮಾನ್ಯತೆಗೆ ಅರ್ಜಿ ಹಾಕಿತ್ತು. 2007ರಲ್ಲಿ ತಿರಸ್ಕಾರವಾಯಿತು. 1171 ಸದಸ್ಯರಲ್ಲಿ ಅಲ್ಲಿನ ಅಬೆನಾಕಿ ಹಿರಿಯರ ವಂಶ ಅಂತ ತೋರಿಸಲು ಆದದ್ದು ಎಂಟು ಜನರಿಗೆ.

ನನಗೆ ಒಡಾನಾಕ್‌ನವರ ಮಾತು ಜಾಸ್ತಿ ಸರಿ ಅನಿಸುತ್ತೆ. ನಾವ್ಯಾರು ಅನ್ನುವುದನ್ನು ಆ ಜನರೇ ಹೇಳಬೇಕು ಅಲ್ವಾ? ಪಕ್ಕದ ದೇಶದ ಒಂದು ರಾಜ್ಯದ ಶಾಸನಸಭೆ ಅಲ್ಲ. ಹಾಗಂತ ಕಷ್ಟ ಬೇರೆ ಇದೆ. ಸಿಸಿಲ್ ವವನೊಲೆಟ್ ಅಂತ ಒಡಾನಾಕ್‌ನ ಅಜ್ಜಿ, 1908ರಲ್ಲಿ ಹುಟ್ಟಿದವರು, 2006ರವರೆಗೆ ಬದುಕಿದ್ದರು. ಕಲಿಯಲು ಬಂದವರಿಗೆಲ್ಲ ಭಾಷೆ ಕಲಿಸಿದರು, ಗಡಿಯಾಚೆಯಿಂದ ಬಂದವರಿಗೂ. ಹಾಗೆ ಕಲಿತ ಒಬ್ಬರಿಂದಲೇ ವರ್ಮಾಂಟ್‌ನ ಮಿಡ್ಲ್‌ಬರಿ ಕಾಲೇಜಿನಲ್ಲಿ 2020ರಿಂದ ಬೇಸಿಗೆಯ ಅಬೆನಾಕಿ ತರಗತಿ ನಡೆಯುತ್ತಿದೆ. ಭಾಷೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದಿದೆ. ಜನ ಮಾತ್ರ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದಾರೆ.

ಪುತ್ತೂರಿನವ

ಅಂದರೆ ಇದು ನಮ ಮತ್ತು ಎಂಕ್ಲು ಜಗಳ. ಅಜ್ಜಿ ಕ್ಲಾಸಲ್ಲಿ ಕಿಯುನಾ ಅಂದರು. ಊರಿನ ಪಂಚಾಯಿತಿ ನಿಯುನಾ ಅನ್ನುತ್ತಿದೆ. ಇಬ್ಬರದ್ದೂ ವ್ಯಾಕರಣ ಸರಿಯೇ ಉಂಟು.

ಕನ್ನಡದ ಒಂದೇ 'ನಾವು' ಇದ್ದಿದ್ದರೆ ಇಬ್ಬರೂ ಅದೇ ಪದ ಹೇಳಿಕೊಂಡು ಜಗಳ ಮಾಡಬೇಕಿತ್ತು.

ಮಾನಸಗಂಗೋತ್ರಿ 98

ಪೆನಾಬ್‌ಸ್ಕಾಟ್ ಕಡೆಯದ್ದು ಇನ್ನೊಂದು ಥರದ 'ನಾವು' ಜಗಳ. ಫ್ರಾಂಕ್ ಸೀಬರ್ಟ್ ಅಂತ ಡಾಕ್ಟರು, ವೃತ್ತಿಯಲ್ಲಿ ನಿಜವಾದ ವೈದ್ಯರೇ. ದಶಕಗಟ್ಟಲೆ ಪೆನಾಬ್‌ಸ್ಕಾಟ್ ಹಿರಿಯರ ಜೊತೆ ಕೂತು ನಿಘಂಟು ಕೂಡಿಸಿದರು. ಅವರು 1998ರಲ್ಲಿ ತೀರಿಕೊಂಡ ಮೇಲೆ ಕಾಗದಪತ್ರವೆಲ್ಲ ಫಿಲಡೆಲ್ಫಿಯಾದ ಒಂದು ವಿದ್ವತ್ ಸಂಸ್ಥೆಗೆ ಹೋಯಿತು. ಹೇಳಿದವರು ಅಜ್ಜಿಯರು, ಬರೆದುಕೊಂಡವರು ಡಾಕ್ಟರು. ಪದ ಯಾರದ್ದು?

ಇದಕ್ಕಿಂತ ಹಳೇದೂ ಇದೆ. ರಾಲ್ ಅನ್ನುವ ಜೆಸೂಯಿಟ್ ಪಾದ್ರಿ 1691ರಿಂದ ನಿಘಂಟು ಬರೆಯಲು ಹಿಡಿದಿದ್ದರು, ಆಮೇಲೆ ಮೇನ್‌ನ ನಾರಿಜ್‌ವಾಕ್ ಊರಲ್ಲಿ ನೆಲೆಸಿದರು. 1722ರಲ್ಲಿ ಇಂಗ್ಲಿಷರು ಊರಿಗೆ ನುಗ್ಗಿದಾಗ ಹಸ್ತಪ್ರತಿಯನ್ನು ಹೊತ್ತುಕೊಂಡು ಹೋದರು. ಎರಡು ವರ್ಷದ ನಂತರ ಮತ್ತೆ ಬಂದು ಪಾದ್ರಿಯನ್ನೂ ಊರಿನವರನ್ನೂ ಕೊಂದರು. ಆ ಹಸ್ತಪ್ರತಿ ಈಗ ಹಾರ್ವರ್ಡ್‌ನಲ್ಲಿ ಭದ್ರವಾಗಿದೆ.

ಲೆಕ್ಕದ ಮನುಷ್ಯ

ಸರಿ, ಸರಿ. ದುಡ್ಡಿನ ಪ್ರಶ್ನೆ ನಾನು ವಾಪಸ್ ತಗೊಳ್ಳಲ್ಲ, ಆದರೆ ಸ್ವಲ್ಪ ಪಕ್ಕಕ್ಕೆ ಇಡುತ್ತೇನೆ. ನನ್ನದು ಬಳ್ಳಾರಿ, ಮನೆಮಾತು ತೆಲುಗು. ಮನಂ, ಮೇಮು ಅಂತ ಓದಿದ ಮೇಲೆ ನಿನ್ನೆ ಮನೆಯಲ್ಲಿ ಮಗನ ಮಾತು ಕಿವಿಗೊಟ್ಟು ಕೇಳಿದೆ. ಅವನು ಬೆಂಗಳೂರಲ್ಲೇ ಹುಟ್ಟಿದ್ದು. ಎಲ್ಲದಕ್ಕೂ 'ಮನಂ' ಅನ್ನುತ್ತಾನೆ. "ನಾವು ಫ್ರೆಂಡ್ಸ್ ಸಿನಿಮಾಗೆ ಹೋಗ್ತೀವಿ" ಅನ್ನೋಕೂ 'ಮನಂ'. ನಾನು "ಹಾಗಾದರೆ ನನಗೂ ಟಿಕೆಟ್ ತಗೊಂಡಿದ್ದೀಯಾ?" ಅಂದೆ. ಅವನಿಗೆ ಜೋಕೇ ಅರ್ಥ ಆಗಲಿಲ್ಲ.

ವಿನೂಸ್ಕಿ ವಾಸಿ

ಮಗಳ ಪ್ರಾಜೆಕ್ಟನ್ನು ತಿದ್ದಿದೆವು. ಒಡಾನಾಕ್‌ಗೆ ಒಂದು ಪುಟ ಸೇರಿಸಿದಳು, ಜಗಳವನ್ನೂ ಬರೆದಳು. ಕೊನೆಯಲ್ಲಿ ಅಬೆನಾಕಿಯಲ್ಲಿ 'ಗುಡ್ ಬೈ' ಹಾಕಬೇಕು ಅಂತ ಹಟ. ಏನಂತಾರೆ ಮಾಲತಿಯವರೇ?

ಮಾಂಟ್ರಿಯಲ್ ಮಾಲತಿ

'ವ್ಲಿಪಮ್‌ಕಾನಿ'. ಚೆನ್ನಾಗಿ ಪ್ರಯಾಣ ಮಾಡು ಅಂತ. ಫ್ರೆಂಚಿನಿಂದ ಬಂದ 'ಅದಿಯೊ' ಕೂಡ ಇದೆ. ನಮ್ಮ 'ಹೋಗಿ ಬನ್ನಿ'ಯ ಹಾಗೆ 'ಬನ್ನಿ' ಅದರಲ್ಲಿ ಇಲ್ಲ, ಬರೀ 'ಚೆನ್ನಾಗಿ ಹೋಗು'.

ಜೂನ್‌ನಲ್ಲಿ ನಾನು ಮತ್ತೆ ಒಡಾನಾಕ್ ಮ್ಯೂಸಿಯಮ್ಮಿಗೆ ಹೋಗುತ್ತಿದ್ದೇನೆ. 1965ರಲ್ಲಿ ಶುರುವಾದದ್ದು, ಹಳೇ ಕ್ಯಾಥೊಲಿಕ್ ಶಾಲೆಯ ಕಟ್ಟಡದಲ್ಲೇ ಇದೆ. ಒಳಗೆ ಹೋದರೆ ಬುಟ್ಟಿಯ ಹುಲ್ಲಿನ ವಾಸನೆ, ನಮ್ಮ ಲಾವಂಚದ ಬೇರಿಗೆ ಸ್ವಲ್ಪ ಸಕ್ಕರೆ ಹಾಕಿದ ಹಾಗೆ. ಮಗಳನ್ನು ಕರೆದುಕೊಂಡು ಬನ್ನಿ. ನಾವು ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇವೆ.

ವಿನೂಸ್ಕಿ ವಾಸಿ

'ನಾವು' ಅಂದರೆ ಯಾವ ನಾವು?

ಮಾಂಟ್ರಿಯಲ್ ಮಾಲತಿ

ಕಿಯುನಾ ಮಾರಾಯರೇ, ಕಿಯುನಾ. ಗಡಿಯಲ್ಲಿ ಕೇಳುತ್ತಾರೆ, ಪಾಸ್‌ಪೋರ್ಟ್ ಮರೆಯಬೇಡಿ.